ಖಾಲಿ ಟ್ರ್ಯಾಕ್ಟರಿನ ಎತ್ತರ

ಮಾಲೂರಿನ ತಾಲ್ಲೂಕು ಕಚೇರಿಯ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿಯಿದೆ. ಟೈಪ್‌ರೈಟರನ್ನು ಅಟ್ಟಕ್ಕೆ ಹಾಕಿ ಬಹಳ ವರ್ಷವಾಯಿತು. ಈಗ ಇರುವುದು ಒಂದು ಕಂಪ್ಯೂಟರು, ಒಂದು ಪ್ರಿಂಟರು. ಆದರೂ ಜನರ ಬಾಯಲ್ಲಿ ಅದು ಟೈಪಿಂಗ್ ಅಂಗಡಿಯೇ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ಬೀದಿದೀಪ, ಬಸ್ ನಿಲುಗಡೆ, ಯಾವುದಕ್ಕೆ ಬೇಕಾದರೂ ಅರ್ಜಿ ಬರೆದುಕೊಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಎದುರಿಗೆ ಕೂತವರು ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೆ ಗದರಿಬಿಡುತ್ತೇನೆ. ಆದರೆ ಕೀಲಿಮಣೆಯ ಮೇಲೆ ಬೆರಳಿಟ್ಟ ತಕ್ಷಣ ನನ್ನಷ್ಟು ವಿನಯವಂತ ಇನ್ನೊಬ್ಬನಿಲ್ಲ. ‘ತಮ್ಮ ದಿವ್ಯ ಸನ್ನಿಧಾನಕ್ಕೆ’, ‘ಬಡವನಾದ ನನ್ನ ಮೇಲೆ ಕೃಪೆದೋರಿ’, ‘ತಮ್ಮ ಉಪಕಾರವನ್ನು ಜನ್ಮವಿಡೀ ಸ್ಮರಿಸುತ್ತ’ ಎಂಬ ಮಾತುಗಳು ಯೋಚಿಸುವ ಮೊದಲೇ ಬೆರಳಿನಿಂದ ಉದುರುತ್ತವೆ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಬೇಡುವವರು ಯಾರೂ ಇಲ್ಲ ಎಂಬ ಜಂಬ ನನಗಿತ್ತು.

ಆ ಜಂಬ ಇಳಿದದ್ದು ನಮ್ಮಕ್ಕನ ಹುಲ್ಲಿನಿಂದ.

ಅಕ್ಕನನ್ನು ಕೊಟ್ಟಿರುವುದು ಲಕ್ಕೂರು ಹೋಬಳಿಯ ಒಂದು ಹಳ್ಳಿಗೆ. ಭಾವ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾರೆ. ಹೊಲ, ಹಸು, ಡೇರಿಗೆ ಹಾಲು ಹಾಕುವುದು, ಎಲ್ಲ ಅಕ್ಕನದೇ. ಅವಳ ಐದು ಸೀಮೆಹಸು ವರ್ಷವಿಡೀ ತಿನ್ನುವುದು ಅವಳದೇ ಹೊಲದ ರಾಗಿ ಹುಲ್ಲು. ಊರು ಈ ಕಡೆ, ಹೊಲ ಆ ಕಡೆ. ಮೊದಲು ನಡುವೆ ಒಂದು ಬಂಡಿದಾರಿ ಬಿಟ್ಟರೆ ಏನೂ ಇರಲಿಲ್ಲ. ಈಗ ಅಲ್ಲಿ ಹೊಸ ಹೆದ್ದಾರಿ ಬಂದಿದೆ. ಎತ್ತರಕ್ಕೆ ಮಣ್ಣು ಸುರಿದು ಅದರ ಮೇಲೆ ರಸ್ತೆ ಮಾಡುತ್ತಿದ್ದಾರೆ. ಅದಕ್ಕೆ ಟ್ರ್ಯಾಕ್ಟರ್ ಹತ್ತುವಂತಿಲ್ಲ. ಊರಿನವರು ದಾಟಲು ಕೆಳಗೊಂದು ಅಂಡರ್‌ಪಾಸು ಕಟ್ಟುತ್ತಿದ್ದರು. ಅದರ ಗೋಡೆ ಎದ್ದ ದಿನ ಅಕ್ಕ ಅದರ ಮುಂದೆ ನಿಂತು ನೋಡಿ ಬಂದು ನನಗೆ ಫೋನು ಮಾಡಿದಳು.

“ಲೇ, ಇದರೊಳಗೆ ನಮ್ ಹುಲ್ಲು ಬರಲ್ಲ ಕಣೋ.”

“ಅಳೆದು ನೋಡಿದ್ಯಾ?”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೋ? ವರ್ಷಾ ವರ್ಷಾ ಹುಲ್ಲು ಹೇರೋಳು ನಾನು. ಕಣ್ಣಲ್ಲೇ ಗೊತ್ತಾಗಲ್ವಾ?”

ಹುಲ್ಲು ಬರಬೇಕೆಂದರೆ ಮೂರು ಊರು ಸುತ್ತಬೇಕು, ಇಲ್ಲವೇ ಸ್ವಲ್ಪ ಸ್ವಲ್ಪವೇ ಹೇರಿಕೊಂಡು ಹತ್ತಾರು ಸಲ ಓಡಾಡಬೇಕು. ಎರಡೂ ಆಗುವ ಮಾತಲ್ಲ. ಹುಲ್ಲು ಬರದಿದ್ದರೆ ಹಸು ಮಾರಬೇಕು. ಹಸುಗಳಿಲ್ಲದ ನಮ್ಮಕ್ಕನನ್ನು ನನಗೆ ಊಹಿಸಿಕೊಳ್ಳಲು ಆಗಲಿಲ್ಲ. ಮದುವೆಯಾಗಿ ಹೋದ ಮೊದಲ ವರ್ಷ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಬಂದದ್ದೇ ತವರಿನಿಂದ ಹೊಡೆದುಕೊಂಡು ಹೋದ ಒಂದು ಕರುವಿನಿಂದ.

ನಾನು ಅರ್ಜಿ ಬರೆದೆ. ತಹಶೀಲ್ದಾರರಿಗೆ ಬರೆದೆ, ಜಿಲ್ಲಾಧಿಕಾರಿಗಳಿಗೆ ಬರೆದೆ, ಹೆದ್ದಾರಿಯ ಕೆಲಸ ನೋಡುವವರಿಗೆ ಬರೆದೆ. ಒಂದೊಂದರಲ್ಲೂ ಕೃಪೆಯನ್ನು ಹೊಸ ಹೊಸ ರೀತಿಯಲ್ಲಿ ಬೇಡಿದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅವರು ಮತ್ತೊಂದಕ್ಕೆ ಕಳಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರು ಯಾರು ಪೂಜಾರಿ ಯಾರು ಎಂಬುದೇ ತಿಳಿಯಲಿಲ್ಲ. ಕೊನೆಗೆ ಕೆಲಸದ ಜಾಗದಲ್ಲಿದ್ದ ಎಂಜಿನಿಯರು ಒಳ್ಳೆಯ ಮನುಷ್ಯ, ನಿಜ ಹೇಳಿಬಿಟ್ಟರು: “ನೋಡಿ, ಎತ್ತರ ಇಷ್ಟಿರಬೇಕು ಅಂತ ಇಡೀ ದೇಶಕ್ಕೆ ಒಂದೇ ರೂಲು. ಅದು ದೆಹಲಿಯಲ್ಲಿ ಆಗಿರೋದು. ನೀವು ಇಲ್ಲಿ ಯಾರಿಗೆ ಬರೆದರೂ ಪ್ರಯೋಜನ ಇಲ್ಲ.”

ಮೂರು ವಾರದ ನಂತರ ಆ ದೆಹಲಿಯೇ ಕೋಲಾರಕ್ಕೆ ಬಸ್ಸಿನಲ್ಲಿ ಬಂದಿಳಿಯಿತು.

ರಾಜ್ಯಸಭೆಯ ಸದಸ್ಯೆಯೊಬ್ಬರು ರಸ್ತೆ ಸಾರಿಗೆಯ ತೊಂದರೆಗಳನ್ನು ಕೇಳಲು ಕೋಲಾರದಲ್ಲಿ ಸಭೆ ಕರೆದಿದ್ದರು. ನಮ್ಮ ಜಿಲ್ಲೆಯವರಲ್ಲ. ಸಾರಿಗೆ ಮಂತ್ರಾಲಯ ಹೊರಡಿಸುವ ಒಂದೊಂದು ನೀತಿಯನ್ನೂ ಅಕ್ಷರ ಬಿಡದೆ ಓದುತ್ತಾರೆ, ಸದನದಲ್ಲಿ ಮಂತ್ರಿಗಳನ್ನು ಬಿಡದೆ ಕೇಳುತ್ತಾರೆ ಎಂದು ಪೇಪರಿನಲ್ಲಿ ಬಂದಿತ್ತು. ಅವರು ಕಾರಿನಲ್ಲಿ ಬರಲಿಲ್ಲ. ಸೆರಗಿಗೆ ಒಂದು ಪೆನ್ನು ಸಿಕ್ಕಿಸಿಕೊಂಡು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಸರ್ಕಾರಿ ಬಸ್ಸಿನಿಂದ ಇಳಿದು ನಡೆದೇ ಬಂದರು. ಜೊತೆಯಲ್ಲಿ ಅವರ ಸಹಾಯಕಿ, ಇಪ್ಪತ್ತೈದರ ಹುಡುಗಿ, ಹೆಗಲಿಗೆ ದೊಡ್ಡ ಚೀಲ.

ಸಭೆಗೆ ಆರೂ ತಾಲ್ಲೂಕಿನವರು ಬಂದಿದ್ದರು. ಶ್ರೀನಿವಾಸಪುರದ ಮಾವಿನ ಮಂಡಿಯವರು ಲಾರಿಗಳು ಚೆಕ್‌ಪೋಸ್ಟಿನಲ್ಲಿ ನಿಂತೇ ಹಣ್ಣು ಕೊಳೆಯುತ್ತದೆ ಎಂದರು. ಮುಳಬಾಗಿಲಿನವರು ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಹೋಗುತ್ತವೆ, ಸೂಟ್‌ಕೇಸು ಹೊತ್ತುಕೊಂಡು ಹೆದ್ದಾರಿಯಲ್ಲಿ ಓಡಬೇಕು ಎಂದರು. ವಕ್ಕಲೇರಿಯ ಕಡೆಯವರು ಹಾಲಿನ ವಾಹನದ ಸಮಯದ ಬಗ್ಗೆ ಹೇಳಿದರು. ಎಲ್ಲರ ಕೈಯಲ್ಲೂ ಅರ್ಜಿ. ಅವುಗಳಲ್ಲಿ ಹನ್ನೊಂದು ನಾನೇ ಬರೆದುಕೊಟ್ಟವು. ನಾನು ಹಿಂದಿನ ಸಾಲಿನಲ್ಲಿ ಕೂತು, ಮೀಸೆಯಡಿ ನಗುತ್ತ ನೋಡುತ್ತಿದ್ದೆ.

ಮೇಡಂ ಅರ್ಜಿಗಳನ್ನು ಒಂದೊಂದಾಗಿ ಓದಿದರು. ಐದಾರು ಓದಿದ ಮೇಲೆ ತಲೆಯೆತ್ತಿ ಕೇಳಿದರು: “ಇದೆಲ್ಲ ಒಬ್ಬರೇ ಬರೆದಿದ್ದಾ? ಎಲ್ಲದರಲ್ಲೂ ನನ್ನದು ದಿವ್ಯ ಸನ್ನಿಧಾನ ಆಗಿದೆ.”

ಸಭೆಯೆಲ್ಲ ನಕ್ಕಿತು. ಯಾರೋ ನನ್ನತ್ತ ಬೆರಳು ತೋರಿಸಿಬಿಟ್ಟರು. ಎದ್ದು ಹೋಗಿಬಿಡೋಣ ಅನ್ನಿಸಿತು. ಮೇಡಂ ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

“ಚೆನ್ನಾಗಿ ಬರೀತೀರಿ. ಆದರೆ ನನಗೆ ಅರ್ಜಿ ಕೊಟ್ಟರೆ ನಾನೇನು ಮಾಡಲಿ? ನಾನೂ ಇನ್ನೊಬ್ಬರಿಗೆ ಅರ್ಜಿ ಕೊಡಬೇಕಾಗುತ್ತೆ. ನನಗೆ ಪ್ರಶ್ನೆ ಬೇಕು.”

“ಎರಡಕ್ಕೂ ಏನು ಮೇಡಂ ವ್ಯತ್ಯಾಸ?”

“ಅರ್ಜಿಯಲ್ಲಿ ನೀವು ನಿಂತಿರ್ತೀರಿ, ಅವರು ಕೂತಿರ್ತಾರೆ. ಪ್ರಶ್ನೆಯಲ್ಲಿ ಮಂತ್ರಿ ಎದ್ದು ನಿಲ್ಲಬೇಕು.”

ಇಷ್ಟು ವರ್ಷ ನಾನು ಬಗ್ಗಿಸಿದ ಬೆನ್ನುಗಳೆಲ್ಲ ಕಣ್ಣ ಮುಂದೆ ಬಂದವು. ಅಕ್ಕನ ಅಂಡರ್‌ಪಾಸಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೆನ್ನು ತೆಗೆದು ಬರೆದುಕೊಂಡರು. “ನಿಮ್ಮಕ್ಕನ ಊರಿನ ಬ್ರಿಡ್ಜು ಅಂತ ಕೇಳಿದರೆ ಸ್ಥಳೀಯ ವಿಷಯ ಅಂತ ತಳ್ಳಿಹಾಕ್ತಾರೆ. ದೇಶದ ನಿಯಮ ಏನು ಅಂತ ಕೇಳಬೇಕು. ನಿಮ್ಮಕ್ಕನದು ಅದಕ್ಕೆ ಉದಾಹರಣೆ. ಬರೀರಿ ನೋಡೋಣ. ವಾದ ಮಾಡಬಾರದು, ಹೊಗಳಬಾರದು, ತೆಗಳಬಾರದು. ಚಿಕ್ಕದಾಗಿರಬೇಕು.”

ಅವತ್ತಿನಿಂದ ನನಗೆ ಬೇರೆ ಕೆಲಸದ ಮೇಲೆ ಗಮನವೇ ಇಲ್ಲ. ಅಂಗಡಿಗೆ ಬಂದವರ ಪಹಣಿ ಟೈಪು ಮಾಡುತ್ತ ಮಾಡುತ್ತ ಮನಸ್ಸು ಪ್ರಶ್ನೆಯ ಕಡೆ ಹೋಗಿಬಿಡುತ್ತಿತ್ತು. ಮೊದಲು ಬರೆದದ್ದು ಮೂರು ಪುಟವಾಯಿತು. ಸಹಾಯಕಿ ವಾಟ್ಸಾಪಿನಲ್ಲಿ ವಾಪಸು ಕಳಿಸಿದಳು: “ಸರ್, ಇದರಲ್ಲಿ ಪ್ರಶ್ನೆ ಎಲ್ಲಿದೆ?” ಕೋಪ ಬಂತು, ನುಂಗಿಕೊಂಡೆ. ಕೃಪೆ ತೆಗೆದೆ. ಬಡವ ತೆಗೆದೆ. ಕಣ್ಣೀರು ತೆಗೆದೆ. ಒಂದೊಂದು ಮಾತು ತೆಗೆದಾಗಲೂ ಬೆನ್ನು ಒಂದಿಷ್ಟು ನೆಟ್ಟಗಾದಂತೆ ಅನ್ನಿಸಿತು. ಕೊನೆಗೆ ಉಳಿದದ್ದು ಇಷ್ಟು: ‘ಹೆದ್ದಾರಿಗಳ ಕೆಳಗೆ ಹಳ್ಳಿಯ ದಾರಿಗಾಗಿ ಕಟ್ಟುವ ಅಂಡರ್‌ಪಾಸುಗಳ ಎತ್ತರವನ್ನು ಯಾವ ನಿಯಮದಂತೆ ನಿಗದಿಪಡಿಸಲಾಗುತ್ತದೆ, ಆ ಎತ್ತರದಲ್ಲಿ ರೈತರ ಟ್ರ್ಯಾಕ್ಟರುಗಳು ಹಾದುಹೋಗಬಲ್ಲವೇ, ಇಲ್ಲವಾದರೆ, ಮಾಲೂರು ತಾಲ್ಲೂಕಿನಲ್ಲಿ ಕಟ್ಟುತ್ತಿರುವವೂ ಸೇರಿದಂತೆ, ಅವುಗಳನ್ನು ಸರಿಪಡಿಸಲು ಕೈಗೊಂಡ ಕ್ರಮವೇನು?’

ಅದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಾಲು ಕರೆಯುತ್ತಿದ್ದಳೇನೋ, ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. “ಸರೇಲೇ, ಚೆನ್ನಾಗೈತೆ. ಇಷ್ಟೇನಾ?” ಎಂದಳು. ಇಷ್ಟೇ ಎಂದು ಹೆಮ್ಮೆಯಿಂದ ಹೇಳಿದೆ.

ಆಮೇಲೆ ತಿಳಿದದ್ದು, ಪ್ರಶ್ನೆ ಕೊಟ್ಟರೆ ಸಾಲದು, ಅದಕ್ಕೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಬಂದವಕ್ಕೆ ನಕ್ಷತ್ರದ ಗುರುತು ಹಾಕಿ ಸದನದಲ್ಲಿ ಬಾಯಿಮಾತಿನ ಉತ್ತರ ಕೊಡುತ್ತಾರೆ. ಉಳಿದವಕ್ಕೆ ಕಾಗದದ ಉತ್ತರ ಮಾತ್ರ. ನಕ್ಷತ್ರ ಬಂದರೆ, ಮಂತ್ರಿಯ ಉತ್ತರದ ಮೇಲೆ ಪ್ರಶ್ನೆ ಕೊಟ್ಟವರು ಇನ್ನೆರಡು ಮರುಪ್ರಶ್ನೆ ಹಾಕಬಹುದು. ಡಿಸೆಂಬರಿನ ಅಧಿವೇಶನ ಶುರುವಾಯಿತು. ಒಂದು ಮಧ್ಯಾಹ್ನ ಸಹಾಯಕಿ ಫೋನು ಮಾಡಿ, “ಸರ್, ನಮಗೆ ನಕ್ಷತ್ರ ಬಂತು. ಪಟ್ಟಿಯಲ್ಲಿ ಆರನೇದು. ಮೇಡಂ ಕನ್ನಡದಲ್ಲೇ ಕೇಳ್ತಾರಂತೆ, ಭಾಷಾಂತರ ಬೇಕು ಅಂತ ಮೊದಲೇ ಬರೆದುಕೊಟ್ಟಿದ್ದೀವಿ” ಎಂದಳು. ನಾನು ಎದುರಿಗೆ ಕೂತಿದ್ದ ಅಪರಿಚಿತ ಮುದುಕನ ಎರಡೂ ಕೈ ಹಿಡಿದು ಕುಲುಕಿದೆ. ಆತ ತನ್ನ ಖಾತೆ ಆಗಿಹೋಯಿತೆಂದು ಸಂತೋಷಪಟ್ಟ.

ಅಷ್ಟರಲ್ಲಿ ಅಂಡರ್‌ಪಾಸಿಗೆ ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಿದ್ದರು. ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕುವುದೊಂದೇ ಬಾಕಿ. ಒಂದು ಸಲ ಮೋಲ್ಡ್ ಬಿದ್ದರೆ ಮುಗಿಯಿತು, ಯಾವ ಪಾರ್ಲಿಮೆಂಟು ಬಂದರೂ ಅದನ್ನು ಎತ್ತುವುದಿಲ್ಲ.

ಪ್ರಶ್ನೆಯ ದಿನ ಬೆಳಿಗ್ಗೆಯೇ ಅಂಗಡಿ ತೆರೆದು, ಕಂಪ್ಯೂಟರಿನ ಪರದೆ ಒರೆಸಿ, ಊದಿನಕಡ್ಡಿ ಹಚ್ಚಿ ಕೂತೆ. ಸದನದಲ್ಲಿ ಪ್ರಶ್ನೋತ್ತರ ಶುರುವಾಗುವುದು ಹನ್ನೆರಡಕ್ಕೆ. ಹತ್ತೂ ಕಾಲಿಗೆ ಫೋನು ಬಂತು. ಸಹಾಯಕಿಯ ದನಿ ಸಪ್ಪಗಿತ್ತು.

“ಸರ್, ಮಂತ್ರಾಲಯದ ಉತ್ತರ ಬಂದಿದೆ. ಓದ್ತೀನಿ ಕೇಳಿ. ನಿಗದಿಪಡಿಸಿರುವ ಎತ್ತರದಲ್ಲಿ ಟ್ರ್ಯಾಕ್ಟರುಗಳು ಟ್ರೈಲರ್ ಸಮೇತ ಸರಾಗವಾಗಿ ಹಾದುಹೋಗಬಲ್ಲವು. ಆದ್ದರಿಂದ ಮೂರನೇ ಭಾಗದ ಪ್ರಶ್ನೆ ಉದ್ಭವಿಸುವುದಿಲ್ಲ. ಅಷ್ಟೇ ಇರೋದು. ನೀವು ಟ್ರ್ಯಾಕ್ಟರ್ ಹೋಗಲ್ಲ ಅಂದಿದ್ರಲ್ಲ ಸರ್?”

“ಹೋಗಲ್ಲಮ್ಮ. ಹುಲ್ಲು ಹೇರಿದರೆ ಹೇಗೆ ಹೋಗುತ್ತೆ?”

“ಹುಲ್ಲಾ? ಪ್ರಶ್ನೆಯಲ್ಲಿ ಹುಲ್ಲು ಎಲ್ಲಿದೆ ಸರ್?”

ಪ್ರಶ್ನೆಯನ್ನು ತೆರೆದು ನೋಡಿದೆ. ಹುಲ್ಲು ಇರಲಿಲ್ಲ. ನಾನು ಹೊಡೆದುಹಾಕಿದ್ದಲ್ಲ, ಮೊದಲಿನ ಮೂರು ಪುಟದಲ್ಲೂ ಇರಲಿಲ್ಲ, ಮೇಡಂಗೆ ಬಾಯಲ್ಲಿ ಹೇಳುವಾಗಲೂ ಟ್ರ್ಯಾಕ್ಟರ್ ಅಂದಿದ್ದೆನೇ ಹೊರತು ಹುಲ್ಲು ಅಂದಿರಲಿಲ್ಲ. ನಮ್ಮ ಕಡೆ ಸುಗ್ಗಿಯಲ್ಲಿ ಹೊಲದಿಂದ ಟ್ರ್ಯಾಕ್ಟರ್ ಬಂತು ಅಂದರೆ ಹುಲ್ಲು ಹೇರಿಕೊಂಡೇ ಬಂತು ಅಂತ ಅರ್ಥ. ಖಾಲಿ ಟ್ರ್ಯಾಕ್ಟರ್ ಹೊಲದಿಂದ ಯಾಕೆ ಬರುತ್ತದೆ? ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ದೆಹಲಿಯವರಿಗೆ ಟ್ರ್ಯಾಕ್ಟರ್ ಅಂದರೆ ಟ್ರ್ಯಾಕ್ಟರ್. ಖಾಲಿ ಟ್ರ್ಯಾಕ್ಟರ್ ಅಳೆದರು, ಹಾದುಹೋಗುತ್ತದೆ ಎಂದು ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಮೇಜಿಗೆ ಗುದ್ದಿದೆ, ಊದಿನಕಡ್ಡಿ ಮುರಿದು ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನೇ ಬೀಳಿಸಿದ್ದೆ.

“ಸರ್, ಇನ್ನೂ ಟೈಮಿದೆ,” ಎಂದಳು ಆ ಹುಡುಗಿ. “ಮರುಪ್ರಶ್ನೆ ಇದೆಯಲ್ಲ. ಹುಲ್ಲು ಹೇರಿದ ಟ್ರ್ಯಾಕ್ಟರ್ ಆ ಅಂಡರ್‌ಪಾಸಿನ ಮುಂದೆ ನಿಂತಿರೋ ಒಂದು ಫೋಟೋ ಕಳಿಸಿ. ಮೇಡಂ ಕಣ್ಣಾರೆ ನೋಡದೆ ಏನೂ ಕೇಳಲ್ಲ. ಹನ್ನೊಂದೂವರೆಯೊಳಗೆ ಬೇಕು.”

ಅಕ್ಕನಿಗೆ ಫೋನು ಹಚ್ಚಿದೆ. ನಮ್ಮ ಪುಣ್ಯ, ಅವತ್ತು ಹುಲ್ಲು ಸಾಗಿಸುತ್ತಿದ್ದರು. ಅಂಡರ್‌ಪಾಸು ಮುಗಿಯುವವರೆಗೆ ಪಕ್ಕದಲ್ಲೊಂದು ಕಚ್ಚಾ ದಾರಿ ಬಿಟ್ಟಿದ್ದರು, ಅದರಲ್ಲೇ ಓಡಾಟ. ಟ್ರ್ಯಾಕ್ಟರು ಅದೇ ಊರಿನ ಒಬ್ಬ ಸಾಹೇಬರದು. ಅವರ ತಂದೆಯ ಕಾಲದಿಂದ ನಮ್ಮಕ್ಕನ ಮನೆಯ ಹುಲ್ಲು ಹೊಡೆಯುವವರು ಅವರೇ. ಅಕ್ಕ ಅವರನ್ನು ಭಾಯಿ ಅನ್ನುತ್ತಾಳೆ, ಅವರು ಅಕ್ಕನನ್ನು ಆಪಾ ಅನ್ನುತ್ತಾರೆ.

“ಹೇರಿ ಆಯ್ತು. ಹಗ್ಗ ಬಿಗೀತಾವ್ರೆ,” ಎಂದಳು ಅಕ್ಕ. “ಏಮಿರಾ, ಏನಾಯ್ತು? ಯಾಕಿಷ್ಟು ಉಸಿರು ಬಿಡ್ತಿದ್ದೀಯಾ?”

“ಟ್ರ್ಯಾಕ್ಟರ್‌ನ ಅಂಡರ್‌ಪಾಸ್ ಬಾಯಿಗೆ ತಂದು ನಿಲ್ಸು. ಫೋಟೋ ತೆಗೆದು ಕಳ್ಸು. ಈಗಲೇ. ಕಾರಣ ಆಮೇಲೆ ಕೇಳು.”

ಹನ್ನೊಂದಕ್ಕೆ ಮೊದಲ ಫೋಟೋ ಬಂತು. ಅದರಲ್ಲಿ ಭಾಯಿಯ ಹೆಬ್ಬೆರಳಿತ್ತು. ಎರಡನೆಯದರಲ್ಲಿ ಭಾಯಿಯ ಮುಖ, ಹಿಂದೆ ಆಕಾಶ. ನಾನು ಫೋನಿನಲ್ಲಿ ಕೂಗಾಡಿದೆ. ಭಾಯಿ ತಣ್ಣಗೆ, “ಗರಂ ಆಗಬೇಡ ತಮ್ಮ, ಕ್ಯಾಮೆರಾ ಉಲ್ಟಾ ಇತ್ತು” ಎಂದರು. ಮೂರನೆಯದು ಚೆನ್ನಾಗಿ ಬಂತು. ಟ್ರೈಲರಿನ ಮೇಲೆ ಹುಲ್ಲು ಗೋಪುರದ ಹಾಗೆ ಎದ್ದು, ಸೆಂಟ್ರಿಂಗ್ ಹಲಗೆಗಿಂತ ಎರಡು ಮೊಳ ಮೇಲೆ ಹೋಗಿತ್ತು. ಆದರೆ ಹುಲ್ಲಿನ ತುದಿಯಲ್ಲಿ ಅಕ್ಕ ಕೂತಿದ್ದಳು, ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡು, ಕ್ಯಾಮೆರಾ ನೋಡಿ ಹಲ್ಲು ಬಿಡುತ್ತ.

“ನೀನ್ಯಾಕೆ ಅಲ್ಲಿದ್ದೀಯಾ? ಇಳಿ,” ಎಂದೆ. “ದೆಹಲಿಯವರು ನೋಡೋ ಫೋಟೋ. ಹುಲ್ಲು ಮಾತ್ರ ಕಾಣ್ಬೇಕು.”

“ಸರಿ ಬಿಡಪ್ಪ,” ಎಂದು ಇಳಿದಳು. ನಾಲ್ಕನೆಯ ಫೋಟೋದಲ್ಲಿ ಹುಲ್ಲು ಮಾತ್ರ ಇತ್ತು. ಅದನ್ನು ದೆಹಲಿಗೆ ಕಳಿಸಿದೆ. ಹನ್ನೊಂದು ಇಪ್ಪತ್ತೆಂಟು.

ಹನ್ನೆರಡರ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಜಿಗೆ ಬಂದವರು, ಪಕ್ಕದ ಜೆರಾಕ್ಸ್ ಅಂಗಡಿಯವನು, ಟೀ ತಂದವನು, ಯಾರಿಗೆ ಏನು ನಡೆಯುತ್ತಿದೆ ಎಂದು ಪೂರ್ತಿ ಗೊತ್ತಿರಲಿಲ್ಲ, ಆದರೂ ಎಲ್ಲರೂ ಪರದೆಗೆ ಕಣ್ಣು ಕೀಲಿಸಿದ್ದರು. ಮೊದಲ ಪ್ರಶ್ನೆ ಮುಗಿಯುವಂತೆಯೇ ಕಾಣಲಿಲ್ಲ. ಎರಡನೆಯದರಲ್ಲಿ ಯಾರೋ ಕೂಗಾಡಿದರು. ಮೂರನೆಯದು ಮುಗಿದಾಗ ಹನ್ನೆರಡೂ ಮುಕ್ಕಾಲಾಗುತ್ತ ಬಂದಿತ್ತು. ಒಂದಕ್ಕೆ ಪ್ರಶ್ನೋತ್ತರ ನಿಂತುಬಿಡುತ್ತದೆ. ನಾಲ್ಕನೆಯದನ್ನು ಕೇಳಿದವರು ಬೇಗ ಮುಗಿಸಿದರು, ಅವರ ಹೊಟ್ಟೆ ತಣ್ಣಗಿರಲಿ. ಐದನೆಯದನ್ನು ಕೇಳಬೇಕಾದವರು ಸದನಕ್ಕೇ ಬಂದಿರಲಿಲ್ಲ. ಆರನೆಯ ಪ್ರಶ್ನೆ ಎಂದು ಕರೆದಾಗ ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿತ್ತು. ಅದೇ ಹೊತ್ತಿಗೆ ಚಿತ್ರ ನಿಂತು ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಜೆರಾಕ್ಸಿನವನು ತನ್ನ ಫೋನಿನ ನೆಟ್ಟು ಕೊಟ್ಟ. ಅವನ ಬಾಯಿಗೆ ಸಕ್ಕರೆ ಹಾಕಬೇಕು.

ಚಿತ್ರ ಬಂದಾಗ ಮಂತ್ರಿಗಳು ಎದ್ದು ನಿಂತಿದ್ದರು. ನಿಜವಾಗಿಯೂ ನಿಂತಿದ್ದರು. ಉತ್ತರವನ್ನು ಸದನದ ಮೇಜಿನ ಮೇಲೆ ಇಡಲಾಗಿದೆ ಎಂದು ಹೇಳಿ ಕೂತರು. ಮೇಡಂ ಎದ್ದರು. ಸೆರಗಿನಲ್ಲಿ ಅದೇ ಪೆನ್ನು. ಕೈಯಲ್ಲಿ ಒಂದು ಚಿಕ್ಕ ಚೀಟಿ ಬಿಟ್ಟರೆ ಏನೂ ಇಲ್ಲ.

“ಮಾನ್ಯ ಸಭಾಪತಿಗಳೇ, ಈ ಎತ್ತರದಲ್ಲಿ ಟ್ರ್ಯಾಕ್ಟರ್ ಹಾದುಹೋಗುತ್ತದೆ ಎಂದು ಸಚಿವರು ಹೇಳಿದ್ದಾರೆ. ನಾನು ಒಪ್ಪುತ್ತೇನೆ. ಸಚಿವಾಲಯ ಅಳೆದದ್ದು ಖಾಲಿ ಟ್ರ್ಯಾಕ್ಟರನ್ನೋ, ಹುಲ್ಲು ಹೇರಿದ ಟ್ರ್ಯಾಕ್ಟರನ್ನೋ? ರೈತ ಹೊಲದಿಂದ ಮನೆಗೆ ಖಾಲಿ ಬರುತ್ತಾನೆ ಎಂದು ರಾಷ್ಟ್ರೀಯ ನಿಯಮ ನಂಬಿದೆಯೇ?”

ಸದನದಲ್ಲಿ ಕಿವಿಗೆ ಭಾಷಾಂತರದ ಯಂತ್ರ ಸಿಕ್ಕಿಸಿಕೊಂಡಿದ್ದವರು ಒಂದು ಕ್ಷಣ ತಡವಾಗಿ ನಕ್ಕರು. ಮೇಜು ಕುಟ್ಟಿದರು. ನನ್ನ ಅಂಗಡಿಯಲ್ಲಿ ಆಗಲೇ ಕುಟ್ಟಿ ಆಗಿತ್ತು. ಮಂತ್ರಿಗಳು ಕಾಗದ ತಿರುವಿದರು, ಹಿಂದೆ ಕೂತಿದ್ದ ಅಧಿಕಾರಿಗಳ ಕಡೆಯಿಂದ ಒಂದು ಚೀಟಿ ಬಂತು. ಅದನ್ನು ಓದಿ, ಸದಸ್ಯೆ ಎತ್ತಿದ ಅಂಶ ಗಮನಾರ್ಹ, ಅದನ್ನು ಪರಿಶೀಲಿಸುತ್ತೇನೆ ಎಂದರು.

ಆ ಮಾತಿಗಾಗಿಯೇ ನಾನು ಕಾದಿದ್ದೆ. ಪರಿಶೀಲಿಸುತ್ತೇನೆ ಎಂದು ಮಂತ್ರಿ ಸದನದಲ್ಲಿ ಹೇಳಿದರೆ ಅದು ಭರವಸೆಯ ಲೆಕ್ಕಕ್ಕೆ ಸೇರುತ್ತದೆ, ಆಮೇಲೆ ಮಾಡಿ ತೋರಿಸಲೇಬೇಕು, ಅದನ್ನು ನೋಡಿಕೊಳ್ಳಲು ಬೇರೆ ಸಮಿತಿಯೇ ಇದೆ ಎಂದು ಸಹಾಯಕಿ ಹೇಳಿದ್ದಳು. ಆದರೆ ಮೇಡಂ ಕೂರಲಿಲ್ಲ. ಅವರ ಹತ್ತಿರ ಇನ್ನೊಂದು ಪ್ರಶ್ನೆ ಉಳಿದಿತ್ತು.

“ಪರಿಶೀಲಿಸುವುದು ಯಾವಾಗ? ಮೋಲ್ಡ್ ಹಾಕುವ ಮೊದಲೋ, ಹಾಕಿದ ಮೇಲೋ?”

“ಮೊದಲೇ,” ಎಂದರು ಮಂತ್ರಿಗಳು.

ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ. ನನಗೆ ನೆನಪಿಲ್ಲ. ಟೀಯವನು ಇವತ್ತಿಗೂ ಎಲ್ಲರಿಗೂ ಹೇಳುತ್ತಾನೆ. ನನಗೆ ನೆನಪಿರುವುದು ಕಣ್ಣಲ್ಲಿ ನೀರು ಬಂದದ್ದು, ಅದನ್ನು ಒರೆಸಿಕೊಳ್ಳದೆ ಅಕ್ಕನಿಗೆ ಫೋನು ಮಾಡಿದ್ದು. ಮೋಲ್ಡ್ ನಿಲ್ಲುತ್ತೆ ಕಣೇ ಎಂದೆ. ಅವಳು, “ನಿಂತ್ರೆ ಸಾಕಾ? ಏಳ್ಬೇಕಲ್ಲ” ಎಂದಳು.

ಸಂಕ್ರಾಂತಿ ಮುಗಿದ ವಾರ ಅಳೆಯಲು ಬಂದರು. ದೆಹಲಿಯಿಂದ ಇಬ್ಬರು, ಬೆಂಗಳೂರಿನಿಂದ ಒಬ್ಬ ಹಿರಿಯ ಅಧಿಕಾರಿ, ನಮ್ಮ ಹಳೆಯ ಒಳ್ಳೆಯ ಎಂಜಿನಿಯರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲೇ ಹೋಗಿ ನಿಂತಿದ್ದೆ. ಹುಲ್ಲು ಹೇರುವಾಗ ಊರಿನವರೊಬ್ಬರು ಭಾಯಿಯ ಕಿವಿಯಲ್ಲಿ, ಇನ್ನೆರಡು ಸಾಲು ಏರಿಸಿ, ಸರ್ಕಾರದವರು ಹೇಗೂ ಕಡಿಮೆಯೇ ಮಾಡ್ತಾರೆ ಎಂದರು. ಭಾಯಿ ಅಕ್ಕನ ಮುಖ ನೋಡಿದರು.

“ದಿನಾ ಎಷ್ಟು ಹೇರ್ತೀವೋ ಅಷ್ಟೇ ಹೇರು ಭಾಯಿ,” ಎಂದಳು ಅಕ್ಕ. “ನಮ್ದು ನಮಗೆ ಬಂದ್ರೆ ಸಾಕು.”

ಟ್ರ್ಯಾಕ್ಟರ್ ಬಂದು ನಿಂತಿತು. ಅಲ್ಯೂಮಿನಿಯಮ್ ಏಣಿ ಇಟ್ಟರು, ಟೇಪು ಬಿಟ್ಟರು. ಹುಲ್ಲಿನ ತುದಿಯಿಂದ ನೆಲದವರೆಗೆ ಅಳೆದು ಒಬ್ಬರು ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ನಾನು ಪಕ್ಕದಲ್ಲಿ ನಿಂತು ಬರೆದದ್ದನ್ನು ಇಣುಕಿ ನೋಡಿ ತಲೆಯಾಡಿಸಿದೆ. ಸಾವಿರ ಮೈಲಿಯಿಂದ ಮನುಷ್ಯರು ಬಂದು ನಮ್ಮಕ್ಕನ ಹುಲ್ಲು ಅಳೆಯುತ್ತಿದ್ದಾರೆ, ಅವರನ್ನು ಕರೆಸಿದ್ದು ನನ್ನ ನಾಲ್ಕು ಸಾಲು. ಎದೆಯಲ್ಲಿ ತಮಟೆ ಬಾರಿಸಿದ ಹಾಗಿತ್ತು. ಅಧಿಕಾರಿ ಪುಸ್ತಕ ಮುಚ್ಚಿದರು.

“ನನ್ನನ್ನ ಯಾವಾಗ ಅಳೀತೀರಾ ಸಾರ್?” ಎಂದಳು ಅಕ್ಕ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಚಪ್ಪಲಿ ಬಿಟ್ಟು, ಟ್ರೈಲರಿನ ಚಕ್ರದ ಮೇಲೆ ಕಾಲಿಟ್ಟು, ಹಗ್ಗ ಹಿಡಿದು ಸರಸರನೆ ಮೇಲೆ ಹತ್ತಿದಳು. ಹುಲ್ಲಿನ ನೆತ್ತಿಯಲ್ಲಿ ಕೂತು, ಸೆರಗನ್ನು ತಲೆಗೆ ಸುತ್ತಿಕೊಂಡಳು.

“ಮೇಲೆ ಜನ ಕೂತು ಪ್ರಯಾಣ ಮಾಡೋದು ಕಾನೂನಿಗೆ ವಿರುದ್ಧ ಅಮ್ಮ,” ಎಂದರು ಅಧಿಕಾರಿ.

“ಕರೆಂಟ್ ವೈರು ತಗಲುತ್ತೆ ನಿಲ್ಸು ಅಂತ ಭಾಯಿಗೆ ಕೂಗಿ ಹೇಳೋರು ಯಾರು ಸಾರ್, ಕಾನೂನಾ? ಗುಂಡಿಗೆ ಇಳಿದಾಗ ಹುಲ್ಲು ವಾಲುತ್ತೆ, ಅದುಮಿ ಹಿಡಿಯೋರು ಯಾರು?”

“ಸಚ್ ಬಾತ್ ಸಾಬ್,” ಎಂದರು ಭಾಯಿ. “ಆಪಾ ಮೇಲಿಲ್ಲ ಅಂದ್ರೆ ನಾನು ಗಾಡೀನೇ ತೆಗೆಯಲ್ಲ.”

ಅಧಿಕಾರಿ ನನ್ನ ಕಡೆ ತಿರುಗಿದರು. “ಮರುಪ್ರಶ್ನೆಯಲ್ಲಿ ಹುಲ್ಲಿನ ವಿಷಯ ಮಾತ್ರ ಇತ್ತು. ಮೇಡಂ ನಮಗೆ ಕಳಿಸಿದ ಫೋಟೋದಲ್ಲೂ ಯಾರೂ ಇರಲಿಲ್ಲವಲ್ಲ?”

ಫೋಟೋದಲ್ಲಿ ಅವಳಿದ್ದಳು. ನಾನು ಇಳಿಸಿದ್ದೆ. ಹುಟ್ಟಿದಾಗಿನಿಂದ ಹುಲ್ಲಿನ ಮೇಲೆ ಅವಳನ್ನು ನೋಡಿದ್ದೇನೆ. ಚಿಕ್ಕಂದಿನಲ್ಲಿ ಅಪ್ಪನ ಬಂಡಿಯ ಮೇಲೆ ಅವಳ ಮಡಿಲಲ್ಲಿ ಕೂತು ನಾನೂ ಬಂದವನು. ಕೊಂಬೆ ಬಂತು ಅಂದರೆ ನನ್ನ ತಲೆಯನ್ನು ಅವಳೇ ಬಗ್ಗಿಸುತ್ತಿದ್ದಳು. ಟ್ರ್ಯಾಕ್ಟರ್ ಬರೆಯುವಾಗ ಹುಲ್ಲು ಮರೆತೆ. ಹುಲ್ಲು ನೆನಪಾದಾಗ ಅಕ್ಕನನ್ನೇ ಇಳಿಸಿಬಿಟ್ಟೆ. ಎರಡನೆಯದಕ್ಕೆ ಮರೆವು ಎಂಬ ನೆಪವೂ ಇರಲಿಲ್ಲ. ಅವಮಾನವಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

“ಇದ್ದಳು ಸಾರ್,” ಎಂದೆ. “ಪ್ರಶ್ನೆ ಬರೆದವನು ನಾನು. ಬಿಟ್ಟವನೂ ನಾನೇ. ಹುಲ್ಲಿನ ಮೇಲೆ ಒಬ್ಬರು ಇದ್ದೇ ಇರುತ್ತಾರೆ.”

ಅಧಿಕಾರಿ ಏಣಿಯನ್ನು ಇನ್ನೊಂದು ಹಂತ ಎಳೆಸಿದರು. ಟೇಪಿನ ತುದಿಯನ್ನು ಅಕ್ಕನ ಕೈಗೇ ಕೊಟ್ಟು ತಲೆಯ ಮೇಲೆ ಇಟ್ಟುಕೊಳ್ಳಲು ಹೇಳಿದರು. ಅವಳು ಬೆನ್ನು ನೆಟ್ಟಗೆ ಮಾಡಿ, ಸೆರಗಿನ ಗಂಟನ್ನು ಅದುಮಿ ತಗ್ಗಿಸಿ ಟೇಪು ಇಟ್ಟುಕೊಂಡಳು. ಗಂಟಿನ ಎತ್ತರ ಸೇರಬಾರದು ಎಂದು. ನನಗೆ ನಗು ಬಂತು. ಕೆಳಗಿದ್ದವರು ಓದಿದರು, ಹಳೆಯ ಅಳತೆಯನ್ನು ಹೊಡೆದುಹಾಕಿ ಹೊಸದನ್ನು ಬರೆದರು.

ಸೆಂಟ್ರಿಂಗ್ ಬಿಚ್ಚಿ ಗೋಡೆ ಏರಿಸಿ ಮೋಲ್ಡ್ ಹಾಕುವ ಹೊತ್ತಿಗೆ ಬೇಸಿಗೆ ಬಂದಿತ್ತು. ಭರವಸೆ ಈಡೇರಿದೆ ಎಂದು ಮಂತ್ರಾಲಯ ಸದನದ ಮೇಜಿನ ಮೇಲೆ ಇಟ್ಟ ಕಾಗದದ ಪ್ರತಿಯನ್ನು ಸಹಾಯಕಿ ನನಗೆ ಕಳಿಸಿದಳು. ಪ್ರಿಂಟು ತೆಗೆದು, ಸಂಜೆ ಬಸ್ಸು ಹಿಡಿದು ಅಕ್ಕನ ಊರಿಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಐದು ಹಸುವೂ ಇದ್ದವು. ನಾನು ಗೋಡೆಗೆ ಒರಗಿ ಇಂಗ್ಲಿಷಿನ ಕಾಗದವನ್ನು ಕನ್ನಡದಲ್ಲಿ ಓದಿದೆ: ಇನ್ನು ಮುಂದೆ ಹಳ್ಳಿದಾರಿಯ ಅಂಡರ್‌ಪಾಸುಗಳ ಎತ್ತರವನ್ನು ನಿಗದಿಪಡಿಸುವಾಗ, ಮೇವು ಹೇರಿದ ಟ್ರ್ಯಾಕ್ಟರ್ ಟ್ರೈಲರನ್ನೂ ಅದರ ಮೇಲೆ ಕುಳಿತ ಒಬ್ಬ ವ್ಯಕ್ತಿಯನ್ನೂ ಸೇರಿಸಿ ಅಳತೆ ಮಾಡತಕ್ಕದ್ದು.

ಹಾಲು ಬೀಳುವ ಸದ್ದು ನಿಂತಿತು.

“ಒಬ್ಬ ವ್ಯಕ್ತಿ ಅಂದ್ರೆ ನಾನೇ ತಾನೆ?”

“ನೀನೇ.”

“ಇನ್ನೊಂದ್ ಸಲ ಓದು,” ಎಂದಳು ಅಕ್ಕ.

ಓದಿದೆ.